ಮಗ್ಗುಲು ಬದಲಿಸುವ ಬೆಟ್ಟ

ನಮ್ಮ ಬೆಟ್ಟ ಸದಾ ನಿದ್ದೆಯಲ್ಲಿರುತ್ತದೆ. ಅದಕ್ಕೇ ಇಲ್ಲಿ ಬಸ್ಸು, ಕಾರು ಇಲ್ಲ, ಸೈಕಲ್ಲು ಮಾತ್ರ. ಮಧ್ಯಾಹ್ನಕ್ಕೊಮ್ಮೆ, ನಡುರಾತ್ರಿಗೊಮ್ಮೆ ಅದು ಮಗ್ಗುಲು ಬದಲಿಸುವುದರಿಂದ ಬೆಳಿಗ್ಗೆ ಪೇಟೆಗೆ ಇಳಿಜಾರು, ಸಂಜೆ ಊರಿಗೂ ಇಳಿಜಾರು. ಬೆಲ್ ಹೊಡೆದರೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಳಿಬಿಡುತ್ತದೆಂದು ಯಾರೂ ಹೊಡೆಯುವುದಿಲ್ಲ.

ಇವತ್ತು ಪೇಟೆಯಲ್ಲಿದ್ದ ಸೂಲಗಿತ್ತಿ ನೀಲಮ್ಮ ಬೆಳಿಗ್ಗೆಯೇ ಊರಿಗೆ ಓಡಬೇಕಾಯಿತು. ಎದುರಿಗೆ ಬರೀ ಏರು. ಅರ್ಧದಾರಿಗೇ ಉಸಿರು ಕಟ್ಟಿತು. ಬೆಲ್ ಹೊಡೆದೇಬಿಟ್ಟಳು. ಬೆಟ್ಟ ಹೊರಳಿತು.

ಹಾಯಾಗಿ ಪೇಟೆಗೆ ಇಳಿಯುತ್ತಿದ್ದವರಿಗೆಲ್ಲ ಥಟ್ಟನೆ ಏರು ಎದುರಾಯಿತು.

"ಏನವ್ವಾ ನೀಲಮ್ಮ, ತಲೆಗಿಲೆ ಕೆಟ್ಟಿದ್ಯಾ?" ಹಾಲಿನ ಚೆನ್ನಬಸಪ್ಪ ಕೂಗಿದ.

"ಊರಲ್ಲಿ ಹೆರಿಗೆ ಕಣಣ್ಣೋ!" ಎನ್ನುತ್ತ ಅವಳು ಗಾಳಿಯಂತೆ ಹಾದುಹೋದಳು.

ಚೆನ್ನಬಸಪ್ಪ ಗೊಣಗುತ್ತಲೇ ಸೈಕಲ್ಲಿನಿಂದ ಇಳಿದ. ಅಪ್ಪಿತಪ್ಪಿಯೂ ಸದ್ದಾಗದಂತೆ ಬೆಲ್ ಮೇಲೆ ಅಂಗೈ ಒತ್ತಿಕೊಂಡು, ಸೈಕಲ್ಲನ್ನು ಏರಿಗೆ ತಳ್ಳತೊಡಗಿದ. ಹಿಂದಿದ್ದವರೂ ಒಬ್ಬೊಬ್ಬರಾಗಿ ಬೆಲ್ ಮುಚ್ಚಿಕೊಂಡರು.