ಕೋಳಿ ಅಜ್ಜಿಯ ಡೇರೆ

ದರ್ಜಿ ಹಾಡಹಗಲೇ ಕೋಳಿ ಅಜ್ಜಿಯ ಡೇರೆಯ ಗೂಟ ಕೀಳುತ್ತಿದ್ದಾನೆಂದು ಕಾವಲುಗಾರ ಏದುಸಿರು ಬಿಡುತ್ತ ಬಂದು ಹೇಳಿದಾಗ, ನಿರಾಶ್ರಿತರ ಶಿಬಿರದ ಮೇಲ್ವಿಚಾರಕರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ನಾನು ಹೇಳಿರ್ಲಿಲ್ವಾ? ಜನ ಊರು ಬಿಡ್ತಾರೆ, ಜಗಳ ಬಿಡಲ್ಲ. ಅಜ್ಜಿ ಏನ್ಮಾಡ್ತಿದಾಳೆ?"

"ದರ್ಜಿ ಮೇಲೆ ಕೂಗಾಡ್ತಿದಾಳೆ ಸಾರ್, ಕಿವಿ ತೂತು ಬೀಳೋ ಹಾಗೆ."

ಮೇಲ್ವಿಚಾರಕರು ಕೆಟ್ಟವರಲ್ಲ. ಶಿಬಿರದಲ್ಲಿ ಶಾಂತಿ ಇರಬೇಕೆಂದು ಹಗಲಿರುಳು ಒದ್ದಾಡುವವರು. ದೋಷ ಒಂದೇ: ಎದುರಿನವರ ಮಾತು ಮುಗಿಯುವ ಮುಂಚೆಯೇ ಅವರಿಗೆ ಎಲ್ಲವೂ ಅರ್ಥವಾಗಿಬಿಡುತ್ತಿತ್ತು.

ದರ್ಜಿಯ ವಿಷಯವೂ ಹಾಗೇ ಅರ್ಥವಾಗಿತ್ತು. ಗುಂಡಿನ ಸದ್ದಿಗೆ ಊರು ಬಿಟ್ಟು ಬಂದಾಗಿನಿಂದ ಅವನ ತಾಯಿ ಬಾಯಿ ತೆರೆದಿರಲಿಲ್ಲ. ಮಾತಿಗೂ ಇಲ್ಲ, ಅನ್ನಕ್ಕೂ ಇಲ್ಲ. ಬಲವಂತಕ್ಕೆ ಎರಡು ಗುಟುಕು ಹಾಲು ಕುಡಿದು, ಬಟ್ಟೆಯ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ಹೇಳಿದ್ದರು. ಹೊಸಬರ ಲಾರಿ ಬಂದಾಗಲೆಲ್ಲ ದರ್ಜಿ ಗೇಟಿಗೆ ಓಡುತ್ತಿದ್ದ. "ನಮ್ಮ ಬೀದಿಯವರು ಯಾರಾದ್ರೂ ಬಂದ್ರಾ ಸಾರ್?" ತನ್ನ ಡೇರೆಯ ಪಕ್ಕದ ಖಾಲಿ ಜಾಗವನ್ನು ದಿನಾ ಗುಡಿಸಿ, "ಇದನ್ನ ಬೇರೆ ಯಾರಿಗೂ ಕೊಡ್ಬೇಡಿ" ಎಂದು ಗೋಗರೆಯುತ್ತಿದ್ದ. ಎಲ್ಲ ಕಳೆದುಕೊಂಡವನಿಗೆ ಅಂಗೈಯಗಲ ನೆಲದ ಆಸೆ, ಇರಲಿ ಬಿಡು ಎಂದು ಮೇಲ್ವಿಚಾರಕರು ಸುಮ್ಮನಿದ್ದರು.

ಕೊನೆಗೊಂದು ಲಾರಿಯಿಂದ ಕೋಳಿ ಅಜ್ಜಿ ಇಳಿದಳು. ಕೋಳಿಗಳು ಹೋಗಿದ್ದವು, ಹೆಸರು ಉಳಿದಿತ್ತು. ಅವಳೂ ದರ್ಜಿಯ ತಾಯಿಯೂ ಅಕ್ಕಪಕ್ಕದ ಮನೆಯವರು. ಅವಳ ಕೋಳಿ ಇವಳ ಕೈತೋಟ ಕೆದಕಿದ್ದಕ್ಕೆ ಶುರುವಾದ ಜಗಳ ಒಂದು ತಲೆಮಾರು ನಡೆದಿತ್ತು. ಬೆಳಗಾದರೆ ಸಾಕು, ಬೇಲಿಯ ಆಚೆ ಈಚೆ ನಿಂತು ಒಬ್ಬರ ವಂಶವನ್ನು ಒಬ್ಬರು ಜಾಲಾಡುತ್ತಿದ್ದರಂತೆ. ಲಾರಿಯಲ್ಲಿ ಬಂದವರೇ ಇದನ್ನು ನಗುತ್ತ ಹೇಳಿದರು. ಮೇಲ್ವಿಚಾರಕರು ನಗಲಿಲ್ಲ. ಅರೆಜೀವದ ಮುದುಕಿಯ ಕಣ್ಣಿಗೆ ಇಂಥವಳು ಬಿದ್ದರೆ ಗತಿಯೇನು? ಕೋಳಿ ಅಜ್ಜಿಯ ಡೇರೆಯನ್ನು ಶಿಬಿರದ ಇನ್ನೊಂದು ತುದಿಗೆ, ನೀರಿನ ಟ್ಯಾಂಕಿನ ಆಚೆ ಹಾಕಿಸಿದರು.

ದರ್ಜಿ ಓಡಿ ಬಂದಿದ್ದ. "ಸಾರ್, ಆ ಅಜ್ಜಿ ಅಲ್ಲಿದ್ರೆ ನಮ್ಮಮ್ಮ ಉಳಿಯಲ್ಲ..."

"ಗೊತ್ತು ಕಣಯ್ಯಾ. ಅದಕ್ಕಿಂತ ದೂರ ಜಾಗ ಇಲ್ಲ."

"ಅಯ್ಯೋ, ಹಾಗಲ್ಲ ಸಾರ್..."

"ಹೋಗು, ಅಮ್ಮನ್ನ ನೋಡ್ಕೋ."

ಈಗ ನೋಡಿದರೆ ಗೂಟಕ್ಕೇ ಕೈ ಹಾಕಿದ್ದಾನೆ.

ಮೇಲ್ವಿಚಾರಕರು ಹೋಗುವಷ್ಟರಲ್ಲಿ ಟ್ಯಾಂಕಿನ ಆಚೆ ಡೇರೆಯೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ. ವಯಸ್ಸಾದವಳನ್ನು ಎಲ್ಲಿಗೆ ಓಡಿಸಿದ ಈ ಪಾಪಿ? ದರ್ಜಿಯ ಡೇರೆಯ ಕಡೆ ದಾಪುಗಾಲು ಹಾಕಿದರು. ಗದ್ದಲ ದೂರದಿಂದಲೇ ಕೇಳಿಸಿತು.

ಗುಡಿಸಿಟ್ಟಿದ್ದ ಜಾಗದಲ್ಲಿ ಕೋಳಿ ಅಜ್ಜಿಯ ಡೇರೆ ಅರ್ಧ ಎದ್ದಿತ್ತು. ದರ್ಜಿ ಬೆವರು ಸುರಿಸುತ್ತ ಗೂಟ ಹೊಡೆಯುತ್ತಿದ್ದ.

"ಬೇಗ ಹೊಡೆಯೋ! ಆಗ್ಲಿಂದ ಹೇಳ್ತಿದೀನಿ, ಕೈಗೆ ಲಕ್ವ ಹೊಡೆದಿದೆಯಾ?" ಅಜ್ಜಿ ಹಗ್ಗದ ತುದಿ ಹಿಡಿದು ಕೂಗಾಡುತ್ತಿದ್ದಳು.

ಪಕ್ಕದ ಡೇರೆಯ ಪರದೆ ಸರಿಯಿತು. ದರ್ಜಿಯ ತಾಯಿ ಎದ್ದು ನಿಂತಿದ್ದಳು.

"ಇಲ್ಲಿಗೂ ಬಂದ್ಯಾ ಮನೆಹಾಳಿ? ನಿನ್ನ ಕೋಳಿ ಏನಾದ್ರೂ ನನ್ನ ತೋಟಕ್ಕೆ ಕಾಲಿಟ್ರೆ ನೋಡು!"

"ಎಲ್ಲಿದೆಯೇ ನಿನ್ನ ತೋಟ? ತೋರ್ಸು ಮೊದ್ಲು!" ಎಂದಳು ಕೋಳಿ ಅಜ್ಜಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.

ತಾಯಿ ಉತ್ತರ ಕೊಡಲು ಹೋಗಿ, ತಲೆ ಸುತ್ತಿ ಕಂಬ ಹಿಡಿದುಕೊಂಡಳು. ಆಮೇಲೆ ಮಗನ ಕಡೆ ತಿರುಗಿ ಗದರಿದಳು:

"ಏನೋ ನೋಡ್ತಾ ನಿಂತಿದೀಯ? ಊಟ ತಾರೋ! ಇವಳನ್ನ ಬೈಯೋಕೆ ಶಕ್ತಿ ಬೇಡ್ವಾ?"