ಬಂದೂಕಿನ ಹೆಸರು ಬದಲಾವಣೆ

ಚುನಾವಣೆ ಬಂತೆಂದು ಊರಿನ ಬಂದೂಕುಗಳನ್ನೆಲ್ಲ ಪೊಲೀಸರು ಠಾಣೆಯಲ್ಲಿ ಇಡಿಸಿಕೊಂಡಿದ್ದರು. ಚಿಕ್ಕತಾಯಮ್ಮನ ಗಂಡನದೂ ಅಲ್ಲೇ ಇತ್ತು. "ಅದು ವಾಪಸ್ ಬರ್ಲಿ, ಮೊದಲ್ನೇ ಗುಂಡು ನಿಂಗೇಯ" ಎಂದು ಅವನು ಕುಡಿದಾಗಲೆಲ್ಲ ಹೇಳುತ್ತಿದ್ದ. ಈಚೆಗೆ ಕುಡಿಯದೆಯೂ ಹೇಳತೊಡಗಿದ್ದ.

ಲೈಸೆನ್ಸು ತನ್ನ ಹೆಸರಿಗಾದರೆ ಬಂದೂಕು ತನ್ನ ಕೈಗೇ ಬರುತ್ತದೆ, ಕೆರೆಗೆ ಎಸೆದರಾಯಿತು ಎಂದುಕೊಂಡು, ಅಮಲಿನಲ್ಲಿದ್ದ ಗಂಡನ ಹೆಬ್ಬೆಟ್ಟು ಒತ್ತಿಸಿ ಅವಳು ಅರ್ಜಿ ಕೊಟ್ಟಿದ್ದಳು. ಕಚೇರಿಗೆ ಬಂದದ್ದು ಇದು ಆರನೇ ಸಲ. ಮತ ಎಣಿಕೆ ನಿನ್ನೆಯೇ ಮುಗಿದುಹೋಗಿತ್ತು; ಠಾಣೆಯ ಬಂದೂಕುಗಳು ಇನ್ನು ಯಾವತ್ತಾದರೂ ವಾಪಸ್ ಬರಬಹುದಿತ್ತು.

"ಪೊಲೀಸ್ ವರದಿ ಬರದೆ ಹೆಸರು ಬದಲಾಯಿಸೋಕಾಗಲ್ಲಮ್ಮ. ಇನ್ನೂ ಅರವತ್ತು ದಿನ ಆಗುತ್ತೆ," ಎಂದ ಗುಮಾಸ್ತ.

"ಅಷ್ಟು ದಿನ ತಡ್ಯಕ್ಕಾಗಲ್ಲ ಸಾಮಿ. ನಿಮ್ ಕಾಲಿಗೆ ಬೀಳ್ತೀನಿ."

ಅವನ ಕಿಟಕಿಗೆ ಬರುವವರೆಲ್ಲ ಬಂದೂಕು ಬೇಗ ಬೇಕೆಂದೇ ಬರುವವರು.

"ಹಂದಿ ಕಾಟ ಅಷ್ಟೊಂದಾ?"

ಹಿಂದೆ ಸಾಲಿನಲ್ಲಿ ನಿಂತಿದ್ದವರು ಅವಳ ಊರಿನವರೇ. ಚಿಕ್ಕತಾಯಮ್ಮ ಮುಂಗೈಯ ಬಾಸುಂಡೆ ಕಾಣದಂತೆ ಸೆರಗು ಎಳೆದುಕೊಂಡಳು.

"ಹೂಂ ಸಾಮಿ. ಹಂದಿ ಕಾಟವೇಯ."

ಗುಮಾಸ್ತನಿಗೆ ಕರುಳು ಚುರುಕ್ಕೆಂದಿತು. ಒಳಗೆ ಹೋಗಿ ಠಾಣೆಗೆ ಫೋನು ಮಾಡಿ, ನಗುನಗುತ್ತ ಬಂದ.

"ಹೆಸರಿನ ಚಿಂತೆ ಬಿಡಿ ತಾಯಿ, ಬಂದೂಕನ್ನ ಇವತ್ತೇ ಬಿಡಿಸಿಕೊಟ್ಟೆ. ನಿಮ್ಮ ಯಜಮಾನ್ರು ಬೆಳಗ್ಗೆಯಿಂದ ಠಾಣೆ ಬಾಗಿಲಲ್ಲೇ ಕೂತಿದ್ರಂತೆ, ಈಗ ತಗೊಂಡು ಹೊರಟ್ರಂತೆ. ಬೇಗ ಮನೆಗೆ ಹೋಗಿ, ನಿಮ್ಮನ್ನೇ ಕಾಯ್ತಿರ್ತಾರೆ."