ಮೈದಾನ ಉಳಿದ ಬಗೆ

“ಇನ್ನು ನನ್ನ ಕೈಲಾಗಲ್ಲ ಟೀಚರ್, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ” ಎಂದು ಡ್ರೈವರಣ್ಣ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಹಿತ್ತಲ ಕಡೆಯ ಕಿಟಕಿ ಒಡೆಯಿತು. ಮುಷ್ಟಿ ಗಾತ್ರದ ಕಲ್ಲೊಂದು ಉರುಳುತ್ತ ಬಂದು ಅವನ ಕುರ್ಚಿಯ ಬಳಿ ನಿಂತಿತು. ಹೋರಾಟ ಸಮಿತಿಯ ಕಾರ್ಯದರ್ಶಿಯಾಗಿದ್ದ ಟೀಚರ್ ಕಿರುಚುವುದನ್ನೂ ಮರೆತು ಗೋಡೆಗೆ ಅಂಟಿಕೊಂಡರು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬಂದು ಗಂಡನ ಅಂಗಾಲು ನೋಡಿದಳು. ಗಾಜು ಚುಚ್ಚಿರಲಿಲ್ಲ.

ಯಾರೋ ಗೋಡೆ ಹಾರಿ ಓಡಿದರು, ಮುಖ ಕಾಣಲಿಲ್ಲ ಎಂದಳು.

ಡ್ರೈವರಣ್ಣ ಕಲ್ಲನ್ನು ಕೈಗೆತ್ತಿಕೊಂಡ. ಅವನ ಕುತ್ತಿಗೆಯ ನರ ಉಬ್ಬಿತು. “ನಾಳೆ ನಗರಸಭೆ ಮುಂದೆ ಧರಣಿ ಇದೆ ಅಂತ ಎಲ್ರಿಗೂ ಹೇಳಿ” ಎಂದ. ಕೈಲಾಗುವುದಿಲ್ಲ ಎಂದ ಮಾತು ಅಲ್ಲಿಗೇ ಸತ್ತಿತು.

ಬೀದಿಯ ಕೊನೆಯ ಮೈದಾನವನ್ನು ನಗರಸಭೆ ಮಾರಲು ಹೊರಟಿತ್ತು. ಒಳಚರಂಡಿಗೆ ಸರ್ಕಾರದ ಅನುದಾನ ಬರಬೇಕಾದರೆ ನಗರಸಭೆಯೂ ತನ್ನ ಪಾಲು ಹಾಕಬೇಕು. ಬೊಕ್ಕಸದಲ್ಲಿ ಏನೂ ಇರಲಿಲ್ಲ. ಕಣ್ಣಿಗೆ ಬಿದ್ದದ್ದು ಮೈದಾನ.

ಆ ಸುದ್ದಿ ಬರುವವರೆಗೆ ಡ್ರೈವರಣ್ಣ ಬದುಕಿದ್ದಾನೆಂಬುದೇ ಬೀದಿಗೆ ಮರೆತುಹೋಗಿತ್ತು. ಕೈ ನಡುಗುತ್ತದೆಂದು ಬಸ್ಸಿನಿಂದ ಇಳಿಸಿದ ಮೇಲೆ ಗೋಡೆಗೆ ಮುಖ ಮಾಡಿ ಕೂತವನು ಕೂತೇ ಇದ್ದ. ಸ್ನಾನಕ್ಕೂ ಹೆಂಡತಿಯೇ ಎಬ್ಬಿಸಬೇಕು. ಒಂದು ಮುಂಜಾನೆ ರೈಲು ಹಳಿಯ ಮೇಲೆ ಕೂತಿದ್ದವನನ್ನು ಅವಳು ಕೈಹಿಡಿದು ಮನೆಗೆ ತಂದಿದ್ದಳು. ಆ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಮೈದಾನದ ಸುದ್ದಿ ಬಂದ ದಿನ ಮಾತ್ರ ಅವನು ತಾನಾಗಿ ಎದ್ದು ಗಡ್ಡ ಹೆರೆದುಕೊಂಡ. ಬಸ್ಸಿನ ಹಾರನ್ನಿನಂಥ ಅವನ ಗಂಟಲು ಕೇಳಿ ಬೀದಿಯೇ ಹಿಂದೆ ಬಂತು. ಆದರೆ ವಾರಗಳು ಉರುಳಿದಂತೆ ಜನ ಕರಗಿದರು, ಅವನೂ ಕುಗ್ಗಿದ. ಆಗಲೇ ಆ ಕಲ್ಲು ಬಿದ್ದದ್ದು.

ಮರುದಿನ ಧರಣಿಗೆ ಕಾಲಿಡಲು ಜಾಗವಿರಲಿಲ್ಲ.

ಕಲ್ಲು ಎಸೆದವನು ಯಾರೆಂದು ಯಾರೂ ಯೋಚಿಸಬೇಕಾಗಿರಲಿಲ್ಲ. ಮಾರಾಟವಾಗಲಿ ಎಂದು ಸಭೆಯಲ್ಲಿ ಬಾಯಿಬಿಟ್ಟು ಹೇಳಿದವನು ಇಡೀ ಬೀದಿಗೆ ಒಬ್ಬನೇ, ಔಷಧಿ ಅಂಗಡಿಯವನು. “ಮೈದಾನ ಹೋದ್ರೆ ಆಟ ಹೋಗುತ್ತೆ. ಚರಂಡಿ ಆಗ್ದೇ ಇದ್ರೆ ಮಕ್ಕಳೇ ಹೋಗ್ತಾರೆ. ಜ್ವರದ ಔಷಧಿ ಮಾರೋನು ನಾನು, ಮನೆಮನೆ ಕಥೆ ನಂಗೆ ಗೊತ್ತು” ಎಂದಿದ್ದ. ಮೈದಾನ ಕೊಂಡುಕೊಳ್ಳುವ ಕಂಪನಿ ಇವನನ್ನೂ ಕೊಂಡಿದೆ ಎಂದು ಜನ ಗುಸುಗುಸು ಮಾತಾಡಿದ್ದರು.

ಮಳೆಗಾಲದ ನಡುವೆ ಡ್ರೈವರಣ್ಣ ಮತ್ತೆ ಮಂಕಾದ. ಊಟದ ತಟ್ಟೆಯನ್ನು ಮುಟ್ಟದೆ ದೂಡತೊಡಗಿದ. ಆ ವಾರವೇ ಅವನ ಮನೆಯ ನೀರಿನ ಕೊಳವೆಯನ್ನು ಯಾರೋ ಕಡಿದುಹಾಕಿದರು. ಅವನು ಸಿಟ್ಟಿನಿಂದ ಬೀದಿಗೆ ಇಳಿದ. ಬೀದಿ ಔಷಧಿ ಅಂಗಡಿಯ ಮುಂದೆ ಸೇರಿತು. ಶಟರಿಗೆ ಡಾಂಬರು ಬಳಿದರು, ಬೋರ್ಡು ಕಿತ್ತರು. ಅಡ್ಡ ಬಂದ ಅಂಗಡಿಯವನ ಹಲ್ಲು ಉದುರಿತು.

ಊದಿದ ತುಟಿಯಲ್ಲೇ ಅವನು ಡ್ರೈವರಣ್ಣನ ಮನೆಗೆ ಬಂದ. ತಾನು ಯಾರ ಮನೆಗೂ ಕಲ್ಲು ಎಸೆದವನಲ್ಲ, ನೀವು ಒಂದು ಮಾತು ಹೇಳಿದರೆ ಜನ ನಂಬುತ್ತಾರೆ ಎಂದು ಬೇಡಿಕೊಂಡ. ಒಡೆದ ಕಿಟಕಿಗೆ ಬಡಿದ ರಟ್ಟನ್ನು ನೋಡುತ್ತ ಡ್ರೈವರಣ್ಣ ಕೂತ. ಡ್ರೈವರಣ್ಣನ ಹೆಂಡತಿ ನೀರು ತಂದಿಟ್ಟಳು; ಔಷಧಿ ಅಂಗಡಿಯವನು ಅವಳತ್ತ ತಿರುಗಿದ.

“ನೀವಾದ್ರೂ ಹೇಳಿ ಅಕ್ಕಾ.”

“ನಮ್ಮನೆಯವರ ಜೀವ ಉಳಿದ್ರೆ ಸಾಕು ನಂಗೆ” ಎಂದಳು ಅವಳು, ಲೋಟದ ಮೇಲಿನ ಕಣ್ಣು ತೆಗೆಯದೆ. “ಬೇರೆ ಯಾರ ವಿಷ್ಯಾನೂ ಯೋಚನೆ ಮಾಡೋಕ್ಕಾಗ್ತಿಲ್ಲ.”

ಅವನು ನೀರು ಮುಟ್ಟದೆ ಎದ್ದುಹೋದ. ವಾರ ಕಳೆಯುವಷ್ಟರಲ್ಲಿ ಹೆಂಡತಿ ಮಕ್ಕಳೊಂದಿಗೆ ಲಾರಿ ಹತ್ತಿ ಬೀದಿ ಬಿಟ್ಟ. ಬಾಗಿಲಿಗೆ ಬಂದು ನೋಡಿದವರು ಯಾರೂ ಇಲ್ಲ.

ಮಳೆ ನಿಂತ ಮೇಲೆ ನಗರಸಭೆ ಮಣಿಯಿತು. ಮಾರಾಟ ರದ್ದಾಯಿತು, ಅನುದಾನ ಬೇರೆ ಊರಿನ ಪಾಲಾಯಿತು. ಜನ ಡ್ರೈವರಣ್ಣನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸಿದರು. ಆಮೇಲೆ ತಂತಮ್ಮ ಮನೆಗೆ ಹೋದರು. ಟೀಚರ್ ಬರುವುದು ನಿಂತಿತು. ಮೈದಾನದ ಪಕ್ಕದ ತೆರೆದ ಮೋರಿಯಲ್ಲಿ ಸೊಳ್ಳೆ ಏಳುತ್ತಿದ್ದವು. ಎರಡು ಮನೆಯ ಮಕ್ಕಳು ಜ್ವರ ಹಿಡಿದು ಮಲಗಿದ್ದರು. ಔಷಧಿಗೆ ಪೇಟೆಯವರೆಗೆ ಹೋಗಬೇಕಿತ್ತು.

ಡ್ರೈವರಣ್ಣ ಕುರ್ಚಿಯನ್ನು ಮತ್ತೆ ಗೋಡೆಯ ಕಡೆ ತಿರುಗಿಸಿಕೊಂಡ. ಗಡ್ಡ ಬೆಳೆಯಿತು. ಹೆಂಡತಿ ಮಾತಾಡಿಸಿದರೆ ಹೂಂ ಇಲ್ಲ, ಉಹೂಂ ಇಲ್ಲ. ಒಂದು ಮಧ್ಯಾಹ್ನ ಮಾತ್ರ, ಬೆಳಗಿನ ರೈಲು ಈಗಲೂ ಅದೇ ಹೊತ್ತಿಗೆ ಬರುತ್ತದೆಯೇ ಎಂದು ಕೇಳಿದ. ಅವಳು ಬಟ್ಟೆ ಒಣಗಿದೆಯೇನೋ ನೋಡಿ ಬರುತ್ತೇನೆಂದು ಹಿತ್ತಲಿಗೆ ಹೋದಳು.

ಅವಳ ದನಿ ಒಡೆದದ್ದು ಅವನ ಕಿವಿಗೆ ಬಿತ್ತು. ಯಾಕಾದರೂ ಕೇಳಿದೆನೋ ಎನಿಸಿತು. ಎಷ್ಟೋ ದಿನದ ಮೇಲೆ ಅವನು ತಾನಾಗಿ ಎದ್ದ, ಅವಳನ್ನು ಸಮಾಧಾನ ಮಾಡಲೆಂದು ಸದ್ದಿಲ್ಲದೆ ಹಿತ್ತಲ ಬಾಗಿಲಿಗೆ ಬಂದ.

ಹಗ್ಗದ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. ಹೆಂಡತಿ ಕಲ್ಲು ಎತ್ತಿ, ಹೊಸ ಗಾಜು ಹಾಕಿಸಿದ ಕಿಟಕಿಗೆ ಗುರಿ ಹಿಡಿದು ನಿಂತಿದ್ದಳು.